ಅರೆಮಲೆನಾಡಿನ ಅಂಗಳದಲ್ಲಿ ಕಾಳುಮೆಣಸು

ಕರ್ನಾಟಕವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿರುವ ನಕ್ಷೆಯಲ್ಲಿ ಶಿವಮೊಗ್ಗ ಜಿಲ್ಲೆ ಇಬ್ಭಾಗವಾಗಿ ಕಾಣುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರ ಮತ್ತು ಸೊರಬ ತಾಲೂಕುಗಳು ಒಂಬತ್ತನೆಯದಾದ ಗುಡ್ಡಗಾಡು ವಲಯಕ್ಕೆ ಸೇರಿದರೆ, ಶಿವಮೊಗ್ಗ, ಭದ್ರಾವತಿ ಮತ್ತು ಶಿಕಾರಿಪುರ ತಾಲೂಕುಗಳು ಏಳನೆಯದಾದ ದಕ್ಷಿಣ ಸಂಕ್ರಮಣ ವಲಯದಲ್ಲಿವೆ. ಸಂಕ್ರಮಣ ವಲಯವೆಂದರೆ ಮಲೆನಾಡು ಮುಗಿದರೂ ಬಯಲುಸೀಮೆ ಇನ್ನೂ ಪೂರ್ತಿಯಾಗಿ ಶುರುವಾಗದ, ಜನರ ಮಾತಿನಲ್ಲಿ ಅರೆಮಲೆನಾಡು ಎನಿಸಿಕೊಂಡ ನಡುವಣ ಪಟ್ಟಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿದರೆ, ಅಲ್ಲಿಂದ ನೂರು ಕಿಲೋಮೀಟರ್ ಕೂಡ ದೂರವಿಲ್ಲದ ಶಿವಮೊಗ್ಗ ನಗರದಲ್ಲಿ ಅದು 1,000 ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ, ಭದ್ರಾವತಿಯ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ವರ್ಷಕ್ಕೆ ಸುಮಾರು 2,000ದಿಂದ 3,000 ಮಿಲಿಮೀಟರ್ ಮಳೆ, ತೇವ ತುಂಬಿದ ಗಾಳಿ ಮತ್ತು ಮರದ ನೆರಳು ಬಯಸುವ ಕಾಳುಮೆಣಸಿನ ಸಹಜ ನೆಲೆ ಈ ಎರಡು ಪಟ್ಟಣಗಳಿಗಿಂತ ಪಶ್ಚಿಮಕ್ಕೇ ನಿಂತುಹೋಗುತ್ತದೆ. ಆದರೂ ಶಿವಮೊಗ್ಗದ ವಿನೋಬನಗರದ ಬಾಲ್ಕನಿಯಲ್ಲಾಗಲಿ, ಭದ್ರಾವತಿ ನ್ಯೂಟೌನಿನ ಹಳೆಯ ಮನೆಗಳ ಹಿತ್ತಲಿನಲ್ಲಾಗಲಿ ಅದನ್ನು ಬೆಳೆಯಲು ಸಾಧ್ಯವಿದೆ, ಏಕೆಂದರೆ ಮಳೆಯ ಪ್ರಮಾಣದಲ್ಲಿರುವ ಕೊರತೆಯನ್ನು ಕೈಯಿಂದ ತುಂಬಿಕೊಡಬಹುದು. ಗಿಡ ನಿಜವಾಗಿ ಕೇಳುವುದು ಬೇರಿಗೆ ಸುರಿಯುವ ನೀರಿಗಿಂತ ಎಲೆಯ ಸುತ್ತಲಿನ ತೇವವನ್ನು, ಮತ್ತು ಅದಕ್ಕೂ ಮೊದಲು ಬಳ್ಳಿಯ ಯಾವ ಭಾಗದಿಂದ ಸಸಿ ಮಾಡಲಾಗಿದೆ ಎಂಬ ವಿಚಾರದಲ್ಲಿ ಬೆಳೆಯುವವರ ಎಚ್ಚರವನ್ನು.

ಈ ಸೀಮೆಗೂ ಮೆಣಸಿಗೂ ಇರುವ ಸಂಬಂಧ ಹಳೆಯದು. ಕೆಳದಿಯ ನಾಯಕರ ಸಂಪತ್ತಿನಲ್ಲಿ ಘಟ್ಟದ ಮೆಣಸಿನ ಪಾಲು ದೊಡ್ಡದಾಗಿತ್ತು, ಕರಾವಳಿಯ ಬಂದರುಗಳಿಗೆ ಬರುತ್ತಿದ್ದ ಪೋರ್ಚುಗೀಸರು ಅದಕ್ಕಾಗಿಯೇ ಅವರೊಡನೆ ಒಮ್ಮೆ ಸ್ನೇಹವನ್ನೂ ಮತ್ತೊಮ್ಮೆ ಜಗಳವನ್ನೂ ಬೆಳೆಸಿದರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದದ್ದು ಅಂಥದೊಂದು ಪೋರ್ಚುಗೀಸ್ ರಾಯಭಾರದ ಜೊತೆಯಲ್ಲಿ. ಆ ಮನೆತನದ ಶಿವಪ್ಪನಾಯಕನ ಹೆಸರನ್ನು ಈಗ ಹೊತ್ತಿರುವ, 2012ರಲ್ಲಿ ಸ್ಥಾಪನೆಯಾದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಶಿವಮೊಗ್ಗದ ನವುಲೆಯಲ್ಲಿ ಆರಂಭವಾಗಿ ಸಾಗರ ತಾಲೂಕಿನ ಇರುವಕ್ಕಿಗೆ ತನ್ನ ಕೇಂದ್ರಸ್ಥಾನವನ್ನು ಸಾಗಿಸಿದೆ. ಆದರೆ ಈ ಇಡೀ ಚರಿತ್ರೆ ತೋಟದ ಬಳ್ಳಿಯದು. ಅಡಿಕೆ ಮರವನ್ನೋ ಹಾಲವಾಣವನ್ನೋ ಸಿಲ್ವರ್ ಓಕನ್ನೋ ತಬ್ಬಿ ಏಣಿ ಹಾಕುವಷ್ಟು ಎತ್ತರಕ್ಕೆ ಏರುವ ಆ ಬಳ್ಳಿಗೂ ನಗರದ ಮನೆಗೂ ಹೊಂದಿಕೆಯಾಗುವುದು ಕಷ್ಟ.

ಹೊಂದಿಕೆ ಸಾಧ್ಯವಾದದ್ದು ಕಾಳುಮೆಣಸಿನ ದೇಹರಚನೆಯಲ್ಲಿರುವ ಒಂದು ವಿಚಿತ್ರದಿಂದ. ಈ ಬಳ್ಳಿ ಒಂದೇ ಬಗೆಯ ಕವಲುಗಳನ್ನು ಬಿಡುವುದಿಲ್ಲ. ಗೆಣ್ಣುಗೆಣ್ಣಿಗೂ ಅಂಟುಬೇರು ಬಿಟ್ಟು ಆಸರೆಯನ್ನು ಹಿಡಿದು ನೆಟ್ಟಗೆ ಏರುವ ಮುಖ್ಯ ಕಾಂಡ ಒಂದು ಬಗೆ. ಬುಡದಿಂದ ಹೊರಟು ನೆಲದ ಮೇಲೆ ಉದ್ದಕ್ಕೆ ಹರಿಯುವ ಹಬ್ಬುಬಳ್ಳಿ ಇನ್ನೊಂದು ಬಗೆ. ಏರುಕಾಂಡದಿಂದ ಪಕ್ಕಕ್ಕೆ ಚಾಚಿ, ಅಂಟುಬೇರಿಲ್ಲದೆ, ಹೂವು ಕಾಯಿಗಳನ್ನು ಹೊರುವ ಅಡ್ಡರೆಂಬೆ ಮೂರನೆಯದು. ನರ್ಸರಿಗಳಲ್ಲಿ ತೋಟಕ್ಕಾಗಿ ಬೆಳೆಸುವ ಸಸಿಗಳು ಬಹುಪಾಲು ಹಬ್ಬುಬಳ್ಳಿಯ ತುಂಡುಗಳಿಂದ ಆದವು, ಏಕೆಂದರೆ ಅವು ಸುಲಭವಾಗಿ ಬೇರು ಬಿಡುತ್ತವೆ ಮತ್ತು ಮರ ಹತ್ತುತ್ತವೆ. ಫಲ ಕೊಡುವ ಅಡ್ಡರೆಂಬೆಯನ್ನೇ ಕತ್ತರಿಸಿ ಬೇರು ಬರಿಸಿದರೆ, ಅದು ಬೇರೆ ಗಿಡವಾದ ಮೇಲೂ ತನ್ನ ಹುಟ್ಟುಗುಣವನ್ನು ಬಿಡುವುದಿಲ್ಲ. ಮೇಲಕ್ಕೆ ಏರುವ ಬದಲು ಸುತ್ತಲೂ ರೆಂಬೆ ಚಾಚಿ ಸೊಂಟದೆತ್ತರದ ಪೊದೆಯಾಗುತ್ತದೆ, ನೆಟ್ಟ ಮರುವರ್ಷದಿಂದಲೇ ತೆನೆ ಬಿಡಲು ತೊಡಗುತ್ತದೆ. ಇದೇ ಪೊದೆಮೆಣಸು, ನರ್ಸರಿಯವರ ಬಾಯಲ್ಲಿ ಬುಷ್ ಪೆಪ್ಪರ್. ಒಂದೇ ಬಳ್ಳಿಯ ಎರಡು ತುಂಡುಗಳಲ್ಲಿ ಒಂದು ಮರ ಹತ್ತುವುದು, ಇನ್ನೊಂದು ಕುಂಡದಲ್ಲೇ ಕೂರುವುದು ತಳಿಯ ವ್ಯತ್ಯಾಸವಲ್ಲ, ತುಂಡು ಕಿತ್ತ ಜಾಗದ ವ್ಯತ್ಯಾಸ. ನಗರದಲ್ಲಿ ಗಿಡ ಕೊಂಡು ವರ್ಷಗಟ್ಟಲೆ ಕಾದರೂ ತೆನೆ ಕಾಣದೆ ಬೇಸತ್ತವರ ಕುಂಡವನ್ನು ಪರೀಕ್ಷಿಸಿದರೆ ಅನೇಕ ವೇಳೆ ಅಲ್ಲಿರುವುದು ಆಸರೆ ಸಿಗದ ಹಬ್ಬುಬಳ್ಳಿಯ ಸಸಿಯೇ ಆಗಿರುತ್ತದೆ. ಕೊಳ್ಳುವಾಗ ಗೆಣ್ಣನ್ನು ನೋಡುವುದೇ ಇದಕ್ಕೆ ಪರಿಹಾರ: ಗೆಣ್ಣಿನ ಸುತ್ತ ಗಿಡ್ಡಬೇರಿನ ಕುಚ್ಚು ಇದ್ದರೆ ಅದು ಏರುವ ಬಗೆ, ಗೆಣ್ಣು ಬೋಳಾಗಿದ್ದು ಎಲೆಯ ಎದುರಿಗೆ ತೆನೆಯಾಗಲಿ ಅದರ ಗುರುತಾಗಲಿ ಇದ್ದರೆ ಅದು ಪೊದೆ.

ಮಲೆನಾಡಿನಲ್ಲಿ ನಂಟರ ತೋಟವಿರುವವರು, ಶಿವಮೊಗ್ಗದಲ್ಲಿ ಅಂಥವರು ಮನೆಗೊಬ್ಬರಿರುತ್ತಾರೆ, ಸಸಿಯನ್ನು ತಾವೇ ಮಾಡಿಕೊಳ್ಳಬಹುದು, ಆದರೆ ಅಡ್ಡರೆಂಬೆ ಬೇರು ಬಿಡುವುದರಲ್ಲಿ ಹಬ್ಬುಬಳ್ಳಿಯಷ್ಟು ಧಾರಾಳಿಯಲ್ಲ ಎಂಬುದು ನೆನಪಿರಬೇಕು. ಒಂದು ವರ್ಷ ಬಲಿತ, ರೋಗವಿಲ್ಲದ ಬಳ್ಳಿಯ ಅಡ್ಡರೆಂಬೆಯಿಂದ ಮೂರರಿಂದ ಐದು ಗೆಣ್ಣುಗಳ ತುಂಡನ್ನು ಆರಿಸಿ, ತುದಿಯ ಒಂದು ಎಲೆಯನ್ನು ಮಾತ್ರ ಉಳಿಸಿ, ಕೆಳಗಿನ ಗೆಣ್ಣಿಗೆ ತಗಲಿದಂತೆ ಓರೆಯಾಗಿ ಕತ್ತರಿಸಿ, ಬೇರು ಬರಿಸುವ ಚೋದಕದಲ್ಲಿ, ಅಂದರೆ ಅಂಗಡಿಯಲ್ಲಿ ಐಬಿಎ ಎಂಬ ಹೆಸರಿನಲ್ಲಿ ಸಿಗುವ ಪುಡಿ ಅಥವಾ ದ್ರಾವಣದಲ್ಲಿ, ಅದ್ದಿ, ತೆಂಗಿನ ನಾರಿನ ಪುಡಿ ಮತ್ತು ಮರಳು ತುಂಬಿದ ಚೀಲದಲ್ಲಿ ನೆಡಬೇಕು. ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ನೆರಳಿನಲ್ಲಿಟ್ಟರೆ ಒಳಗಿನ ಹಬೆ ಹೊರಹೋಗದೆ ಎಲೆ ಬಾಡುವುದು ತಪ್ಪುತ್ತದೆ. ಬೇರು ಕಾಣಿಸಿಕೊಳ್ಳಲು ಒಂದು ತಿಂಗಳಿಂದ ನಲವತ್ತು ದಿನ ಬೇಕು, ಈ ನಡುವೆ ಚಿಗುರು ಬಂತೆಂದು ಹಿಗ್ಗಿ ಹೊದಿಕೆ ತೆಗೆಯುವುದು ತಪ್ಪು, ಏಕೆಂದರೆ ಬೇರಿಲ್ಲದೆಯೂ ತುಂಡಿನಲ್ಲಿದ್ದ ಸತ್ವದಿಂದಲೇ ಮೊದಲ ಚಿಗುರು ಹೊರಡಬಲ್ಲದು. ನೆಟ್ಟ ತುಂಡುಗಳೆಲ್ಲ ಬದುಕುತ್ತವೆ ಎಂಬ ಭರವಸೆ ಯಾರಿಗೂ ಇಲ್ಲ; ಎರಡು ಗಿಡ ಬೇಕಿದ್ದವರು ಹತ್ತು ತುಂಡು ನೆಡುವುದು ವಿವೇಕ.

ತಳಿಯ ಆಯ್ಕೆಯಲ್ಲಿ ನಗರದವರಿಗೆ ಹೆಚ್ಚಿನ ಗೊಂದಲ ಬೇಡ. ಕೇರಳದ ಪನ್ನಿಯೂರು ಸಂಶೋಧನಾ ಕೇಂದ್ರ 1971ರಲ್ಲಿ ಬಿಡುಗಡೆ ಮಾಡಿದ ಪನ್ನಿಯೂರು-1 ಕಾಳುಮೆಣಸಿನ ಮೊದಲ ಮಿಶ್ರತಳಿ. ಉದ್ದನೆಯ ತೆನೆ, ದಪ್ಪ ಕಾಳು ಇದರ ಲಕ್ಷಣ, ಮತ್ತು ದಟ್ಟ ನೆರಳಿಗಿಂತ ಬೆಳಕಿರುವ ಜಾಗವನ್ನು ಇಷ್ಟಪಡುವುದರಿಂದ ಮನೆಯಂಗಳಕ್ಕೆ ಒಪ್ಪುತ್ತದೆ. ಕರಿಮುಂಡ ನೆರಳನ್ನು ಸಹಿಸಿಕೊಳ್ಳುವ ನಾಟಿ ತಳಿ, ಕಟ್ಟಡಗಳ ನಡುವೆ ಬಿಸಿಲು ಕಡಿಮೆ ಬೀಳುವ ಕಡೆ ಅದೇ ಮೇಲು. ಮಲೆನಾಡಿನ ತೋಟಗಳ ಮಲ್ಲಿಗೆಸರ ಘಮಕ್ಕೂ ಖಾರಕ್ಕೂ ಹೆಸರಾದದ್ದು, ಅದರ ಅಡ್ಡರೆಂಬೆ ಸಿಕ್ಕರೆ ಬಿಡಬಾರದು. ಇವುಗಳಲ್ಲದೆ ಬ್ರೆಜಿಲಿಯನ್ ಹಿಪ್ಪಲಿಯ ಬುಡಕ್ಕೆ ಕಟ್ಟಿದ ಕಸಿ ಗಿಡಗಳೂ ನರ್ಸರಿಗಳಲ್ಲಿ ಮಾರಾಟಕ್ಕಿರುತ್ತವೆ. ದಕ್ಷಿಣ ಅಮೆರಿಕದ ಜೌಗು ನೆಲದಿಂದ ಬಂದ ಈ ಹಿಪ್ಪಲಿಯ ಬೇರಿಗೆ ಸೊರಗುರೋಗ ಹತ್ತುವುದಿಲ್ಲ ಎಂಬುದು ದೊಡ್ಡ ಲಾಭವಾದರೂ, ಜೌಗಿನ ಸಸ್ಯವಾದ ಕಾರಣ ಅದಕ್ಕೆ ನೀರಿನ ದಾಹ ವಿಪರೀತ. ತೀರ್ಥಹಳ್ಳಿಯ ಮಳೆಯಲ್ಲಿ ವರವಾಗುವ ಈ ಕಸಿ, ಏಪ್ರಿಲ್ ತಿಂಗಳಿನ ಭದ್ರಾವತಿಯ ತಾರಸಿಯಲ್ಲಿ ಒಂದು ಹೊತ್ತು ನೀರು ತಪ್ಪಿದರೂ ಜೋಲುಬೀಳುತ್ತದೆ; ದಿನವೂ ಮನೆಯಲ್ಲಿದ್ದು ನೋಡಿಕೊಳ್ಳುವವರಿಲ್ಲದ ಕಡೆ ಅದನ್ನು ತರದಿರುವುದೇ ಒಳ್ಳೆಯದು.

ಸುಮಾರು ಹತ್ತು ಕಿಲೋ ಮಣ್ಣು ಹಿಡಿಯುವ ಕುಂಡ ಒಂದು ಪೊದೆಗೆ ಸಾಕು. ಎರಡು ಪಾಲು ಮೇಲ್ಮಣ್ಣಿಗೆ ಒಂದು ಪಾಲು ಮರಳು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ತಳದ ತೂತುಗಳ ಮೇಲೆ ಹೆಂಚಿನ ಚೂರು ಹರಡಿ ತುಂಬಬೇಕು. ಗೊಬ್ಬರವನ್ನು ಒಮ್ಮೆಗೇ ಸುರಿಯುವ ಬದಲು ಎರಡು ತಿಂಗಳಿಗೊಮ್ಮೆ ಸ್ವಲ್ಪಸ್ವಲ್ಪವೇ ಕೊಡುವುದು ಕುಂಡದ ಬೇಸಾಯದ ನಿಯಮ: ಕುಂಡವೊಂದಕ್ಕೆ ಪ್ರತಿ ಸಲ ಒಂದು ಗ್ರಾಂ ಸಾರಜನಕ ಸಾಕಾಗುತ್ತದೆ, ಸುಮಾರು 15 ಗ್ರಾಂ ಕಡಲೆಹಿಂಡಿಯಿಂದಾಗಲಿ 30 ಗ್ರಾಂ ಬೇವಿನ ಹಿಂಡಿಯಿಂದಾಗಲಿ ಅಷ್ಟು ಸಿಗುತ್ತದೆ, ಬೇವಿನ ಹಿಂಡಿಯಾದರೆ ಬೇರನ್ನು ಕಾಡುವ ಜಂತುಹುಳುಗಳಿಗೂ ಅಷ್ಟಿಷ್ಟು ತಡೆ. ಕಾಳು ತುಂಬಲು ಪೊಟ್ಯಾಷ್ ಬೇಕಾಗುವುದರಿಂದ ಒಲೆಯ ಬೂದಿಯನ್ನು ಚಿಟಿಕೆ ಲೆಕ್ಕದಲ್ಲಿ ಹಾಕುವ ರೂಢಿ ಇದೆ, ಆದರೆ ಬೂದಿ ಮಣ್ಣಿನ ಹುಳಿಯನ್ನು ಕಡಿಮೆ ಮಾಡುವುದರಿಂದ ಚಿಟಿಕೆ ಹಿಡಿಯಾಗಬಾರದು.

ಮಣ್ಣಿನ ಹುಳಿಯ ಪ್ರಶ್ನೆ ಈ ಎರಡು ಪಟ್ಟಣಗಳಲ್ಲಿ ಸಣ್ಣದಲ್ಲ. ಮಣ್ಣು ಹುಳಿಯೋ ಕ್ಷಾರವೋ ಎಂಬುದನ್ನು ಪಿಎಚ್ ಎಂಬ ಅಳತೆಯಿಂದ ಹೇಳುತ್ತಾರೆ, 7 ಅದರ ನಡುಬಿಂದು, ಕಾಳುಮೆಣಸಿಗೆ 5.5ರಿಂದ 6.5ರವರೆಗಿನ ತುಸು ಹುಳಿಮಣ್ಣು ಹಿತ. ಘಟ್ಟದ ಮೇಲೆ ಮಳೆಯೇ ಸುಣ್ಣದ ಅಂಶವನ್ನು ತೊಳೆದು ಮಣ್ಣನ್ನು ಹುಳಿಯಾಗಿಸುತ್ತದೆ. ಪೂರ್ವಕ್ಕೆ ಬಂದಂತೆ ಮಳೆ ಕುಗ್ಗಿ, ಮನೆಮನೆಯ ಬೋರ್‌ವೆಲ್‌ಗಳ ಗಡಸುನೀರು ಕುಂಡಕ್ಕೆ ಸುಣ್ಣವನ್ನು ತಂದು ಸೇರಿಸುತ್ತದೆ. ಕುಂಡದ ಅಂಚಿನಲ್ಲಿ ಬಿಳಿಯ ಪದರ ಕಟ್ಟುವುದು ಇದರ ಮೊದಲ ಸೂಚನೆ, ಆಮೇಲೆ ಹೊಸ ಚಿಗುರಿನ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿಗೆ ತಿರುಗುತ್ತದೆ. ಅದು ಕಬ್ಬಿಣದ ಕೊರತೆ. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿ 1923ರಿಂದ ಬೀಡುಕಬ್ಬಿಣ ತಯಾರಿಸಿದ ಭದ್ರಾವತಿಯಲ್ಲಿ ಗಿಡವೊಂದು ಕಬ್ಬಿಣವಿಲ್ಲದೆ ಬಿಳಿಚಿಕೊಳ್ಳುವುದು ತಮಾಷೆಯಾಗಿ ಕಂಡರೂ ಕಾರಣ ಸರಳ: ಮಣ್ಣಿನಲ್ಲಿ ಕಬ್ಬಿಣ ಎಷ್ಟೇ ಇದ್ದರೂ ಕ್ಷಾರದಲ್ಲಿ ಅದು ಕರಗುವುದಿಲ್ಲ, ಕರಗದ್ದನ್ನು ಬೇರು ಹೀರಲಾರದು. ಇಂಥ ಗಿಡಕ್ಕೆ ಮೊಳೆ, ತುಕ್ಕಿನ ಚೂರುಗಳನ್ನು ಹೂತು ಪ್ರಯೋಜನವಿಲ್ಲ. ತುಂಗೆಯಿಂದಲೋ ಭದ್ರೆಯಿಂದಲೋ ಬರುವ ನಲ್ಲಿ ನೀರು ಬೋರ್‌ವೆಲ್ ನೀರಿಗಿಂತ ಮೆದು, ಅದನ್ನು ಒಂದು ರಾತ್ರಿ ತೆರೆದಿಟ್ಟು ಹಾಕುವುದು, ಮಳೆಗಾಲದಲ್ಲಿ ಸೂರಿನ ನೀರು ಹಿಡಿದಿಟ್ಟುಕೊಳ್ಳುವುದು, ಎಲೆಗೊಬ್ಬರವನ್ನು ಹೆಚ್ಚಿಸುವುದು ಶಾಶ್ವತ ಪರಿಹಾರ.

ಬೇಸಿಗೆಯ ಎರಡೂವರೆ ತಿಂಗಳು ನಿಜವಾದ ಪರೀಕ್ಷೆಯ ಕಾಲ. ಕಾಳುಮೆಣಸು 10ರಿಂದ 40 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳಿಕೊಳ್ಳುತ್ತದೆ ಎಂದು ಪುಸ್ತಕಗಳು ಹೇಳುವುದರಿಂದ ಶಿವಮೊಗ್ಗದ ಸೆಕೆ ಗಿಡವನ್ನು ಕೊಲ್ಲುವಂಥದ್ದಲ್ಲ. ಕೊಲ್ಲುವುದು ಕಾದ ಕಾಂಕ್ರೀಟಿನ ಮೇಲೆ ಬೀಸುವ ಒಣಗಾಳಿ. ಅಡಿಕೆ ತೋಟದೊಳಗೆ ಕಾಲಿಟ್ಟ ಕೂಡಲೇ ಮೈಗೆ ತಟ್ಟುವ ತಂಪು ಮರಗಳೂ ನೆಲದ ಮುಚ್ಚಿಗೆಯೂ ಉಸಿರಾಡಿದ ತೇವದಿಂದ ಆದದ್ದು, ಆ ತೇವ ಎಲೆಯಿಂದ ನೀರು ಆವಿಯಾಗುವ ವೇಗವನ್ನು ತಗ್ಗಿಸುತ್ತದೆ. ಮನೆಯಲ್ಲಿ ಅದನ್ನು ಸಣ್ಣ ಪ್ರಮಾಣದಲ್ಲಿ ಮರಳಿ ಕಟ್ಟಬೇಕು. ಮುಂಜಾವದ ಬಿಸಿಲು ಬೀಳುವ ಪೂರ್ವದಿಕ್ಕಿನ ಜಗುಲಿ ಅತ್ಯುತ್ತಮ, ಮಧ್ಯಾಹ್ನದ ಬಿಸಿಲು ಹೊಡೆಯುವ ಪಶ್ಚಿಮದ ಗೋಡೆ ಅತಿ ಕೆಟ್ಟದ್ದು. ತಾರಸಿಯೇ ಗತಿಯಾದವರು ಅರ್ಧ ಬೆಳಕನ್ನು ತಡೆಯುವ ಹಸಿರು ನೆರಳುಪರದೆ ಕಟ್ಟಬೇಕು. ಒಂಟಿ ಕುಂಡಕ್ಕಿಂತ ಕರಿಬೇವು, ವೀಳ್ಯದೆಲೆ, ಕೆಸುವಿನ ಕುಂಡಗಳ ನಡುವೆ ಒತ್ತಾಗಿ ಇಟ್ಟ ಗಿಡ ಹೆಚ್ಚು ಲವಲವಿಕೆಯಿಂದಿರುತ್ತದೆ. ಕುಂಡದ ಮಣ್ಣಿನ ಮೇಲೆ ಎರಡು ಬೆರಳು ದಪ್ಪಕ್ಕೆ ಅಡಿಕೆ ಸಿಪ್ಪೆ ಹರಡಬಹುದು, ಅಡಿಕೆ ಸುಲಿಯುವ ಕಾಲದಲ್ಲಿ ಈ ಭಾಗದಲ್ಲಿ ರಸ್ತೆಯ ಪಕ್ಕದಲ್ಲೇ ಅದರ ರಾಶಿ ಬಿದ್ದಿರುತ್ತದೆ. ಕುಂಡದ ಸುತ್ತ ಗೋಣಿಚೀಲ ಸುತ್ತಿ ಒದ್ದೆ ಮಾಡುವುದು, ಬೆಳಗ್ಗೆ ಎಲೆಗಳ ಮೇಲೆ ನೀರು ಚಿಮುಕಿಸುವುದು ಇವೆಲ್ಲ ಬುಡಕ್ಕೆ ಇನ್ನೊಂದು ಚೊಂಬು ನೀರು ಹೊಯ್ಯುವುದಕ್ಕಿಂತ ಫಲಕಾರಿ. ಬಾಡಿದಂತೆ ಕಂಡಾಗಲೆಲ್ಲ ಬುಡಕ್ಕೆ ಸುರಿದ ನೀರೇ ಮನೆಯ ಮೆಣಸಿನ ಗಿಡಗಳ ಸಾವಿಗೆ ಮುಖ್ಯ ಕಾರಣ ಎಂದರೆ ಹೆಚ್ಚೇನೂ ಆಗದು.

ಮುಂಗಾರಿನ ಮೊದಲ ಮಳೆಗಳೊಡನೆ ಗಿಡ ಹೊಸ ಚಿಗುರು ತಳ್ಳುತ್ತದೆ, ತೆನೆ ಹೊರಡುವುದು ಆ ಹೊಸ ಚಿಗುರಿನಲ್ಲಿ, ಪ್ರತಿ ಎಲೆಯ ಎದುರಿಗೊಂದರಂತೆ, ಚಿಗುರಿಲ್ಲದೆ ತೆನೆಯಿಲ್ಲ. ತೆನೆಯ ಮೇಲೆ ದಳಗಳೇ ಇಲ್ಲದ, ಬರಿಗಣ್ಣಿಗೆ ಚುಕ್ಕಿಯಂತೆ ಕಾಣುವ ಹೂಗಳು ಸಾಲಾಗಿ ಕೂತಿರುತ್ತವೆ. ಪರಾಗ ಅಂಟಂಟಾಗಿರುವುದರಿಂದ ಗಾಳಿಗೆ ಹಾರುವುದಿಲ್ಲ, ಜೋತುಬಿದ್ದ ತೆನೆಯ ಮೇಲಿಂದ ಜಾರುವ ಮಳೆಹನಿಯೇ ಅದನ್ನು ಒಂದು ಹೂವಿನಿಂದ ಕೆಳಗಿನ ಹೂವಿಗೆ ದಾಟಿಸುತ್ತದೆ. ಹೂ ಬಿಟ್ಟ ದಿನಗಳಲ್ಲಿ ಮಳೆ ಕೈಕೊಟ್ಟರೆ ತೆನೆಯಲ್ಲಿ ಅಲ್ಲೊಂದು ಇಲ್ಲೊಂದು ಕಾಳು ಕಟ್ಟುವುದು ಇದರಿಂದಲೇ. ತೀರ್ಥಹಳ್ಳಿಯಲ್ಲಿ ಎಡೆಬಿಡದೆ ಹಿಡಿಯುವ ಜಡಿಮಳೆ ಭದ್ರಾವತಿಗೆ ಬರುವ ಹೊತ್ತಿಗೆ ಬಿಟ್ಟುಬಿಟ್ಟು ಬೀಳುವ ತುಂತುರಾಗಿರುತ್ತದೆ, ಕೆಲವು ವರ್ಷ ಅದೂ ಇಲ್ಲ; ಅಂಥ ದಿನಗಳಲ್ಲಿ ಹೂತೆನೆಗಳ ಮೇಲೆ ಸಣ್ಣ ಪಿಚಕಾರಿಯಿಂದ ಮೇಲಿನಿಂದ ಕೆಳಕ್ಕೆ ಮಂಜಿನಂತೆ ನೀರು ಸಿಂಪಡಿಸಿದರೆ ಮಳೆಯ ಕೆಲಸ ಬಹುಮಟ್ಟಿಗೆ ಆಗುತ್ತದೆ. ನೀರು, ಗೊಬ್ಬರ ತಪ್ಪದೆ ಸಿಗುವ ಕುಂಡದ ಪೊದೆ ಮುಂಗಾರನ್ನೇ ಕಾಯದೆ ವರ್ಷದ ಬೇರೆ ಕಾಲಗಳಲ್ಲೂ ಆಗೊಂದು ಈಗೊಂದು ತೆನೆ ಬಿಡುತ್ತದೆ, ತೋಟದ ಬಳ್ಳಿಗೆ ಇಲ್ಲದ ಸೌಕರ್ಯವಿದು.

ಅದೇ ಮಳೆಗಾಲ ಸೊರಗುರೋಗದ ಕಾಲವೂ ಹೌದು. ಫೈಟಾಫ್ತೊರ ಎಂಬ, ನೀರಿನಲ್ಲಿ ಈಜಬಲ್ಲ ಬೀಜಕಣಗಳನ್ನು ಬಿಡುವ ಸೂಕ್ಷ್ಮಜೀವಿ ಇದಕ್ಕೆ ಕಾರಣ. ಎಲೆಯ ಮೇಲೆ ಅಂಚು ಚದುರಿದ ಕಪ್ಪು ಚುಕ್ಕೆಯಾಗಿ ಕಾಣಿಸಿಕೊಂಡರೆ ಗಿಡಕ್ಕೆ ಇನ್ನೂ ಉಳಿಗಾಲವುಂಟು, ಬುಡಕ್ಕೇ ತಗಲಿದರೆ ಕೆಲವೇ ವಾರಗಳಲ್ಲಿ ಎಲೆಯೆಲ್ಲ ಉದುರಿ ಗಿಡ ಸಾಯುತ್ತದೆ. ಪೊದೆಮೆಣಸಿನ ಎಲೆಗಳು ಮಣ್ಣಿಗೆ ಹತ್ತಿರವಿರುವುದರಿಂದ ಮಳೆಹನಿ ಬಿದ್ದು ಸಿಡಿದ ಕೆಸರಿನ ಜೊತೆ ರೋಗ ನೇರವಾಗಿ ಎಲೆಗೆ ಏರುತ್ತದೆ. ನೆಲಕ್ಕೆ ತಾಗುವ ರೆಂಬೆಗಳನ್ನು ಮಳೆಗೆ ಮುಂಚೆಯೇ ಕತ್ತರಿಸಬೇಕು, ಕುಂಡವನ್ನು ಇಟ್ಟಿಗೆಯ ಮೇಲೆ ಎತ್ತಿಡಬೇಕು, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಅಡಿಕೆಯ ಕೊಳೆರೋಗಕ್ಕೆ ಈ ಜಿಲ್ಲೆಯ ಬೆಳೆಗಾರರು ತಲೆಮಾರುಗಳಿಂದ ಹೊಡೆಯುತ್ತ ಬಂದ ಬೋರ್ಡೋ ದ್ರಾವಣವೇ ಇಲ್ಲಿಯೂ ಮದ್ದು: ಶೇಕಡಾ ಒಂದರ ದ್ರಾವಣಕ್ಕೆ 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿಯೂ 10 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿಯೂ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕು. ಹದ ತಿಳಿಯಲು ಹೊಳಪಿನ ಕಬ್ಬಿಣದ ಚೂರಿಯನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದೆಂದು ಅರ್ಥ, ಮತ್ತಷ್ಟು ಸೇರಿಸದೆ ಹೊಡೆದರೆ ಎಲೆ ಸುಡುತ್ತದೆ. ಮಾಡಿದ ದಿನವೇ ಬಳಸಿ ಮುಗಿಸಬೇಕು, ಕೊಯ್ಲು ಸಮೀಪಿಸಿದಾಗ ಹೊಡೆಯಬಾರದು.

ಇದೇ ಗಿಡ ಬೇರೆ ಹವೆಗೆ ಹೋದಾಗ ಕಾಳಜಿಯ ದಿಕ್ಕು ಬದಲಾಗುತ್ತದೆ. ಮಂಗಳೂರಿನಲ್ಲಿ ತೇವಕ್ಕೆ ಬರವಿಲ್ಲ, ಅಲ್ಲಿ ಆಟಿ ತಿಂಗಳ ಮಳೆಯಿಂದ ಕುಂಡವನ್ನು ಸೂರಿನ ಕೆಳಗೆ ಸರಿಸುವುದೇ ಕೆಲಸ. ಬೆಂಗಳೂರು ಶಿವಮೊಗ್ಗಕ್ಕಿಂತ ತಂಪಾದರೂ ಗಾಳಿ ಒಣ, ಚಿಮುಕಿಸುವ ನೀರು ಅಲ್ಲಿ ವರ್ಷದ ಹೆಚ್ಚಿನ ಭಾಗ ಬೇಕು. ಕಲಬುರಗಿ, ಬಳ್ಳಾರಿಗಳ ಬೇಸಿಗೆಯಲ್ಲಿ ಗಿಡವನ್ನು ಉಳಿಸಬಹುದೇ ಹೊರತು ಅದರಿಂದ ಕಾಳು ನಿರೀಕ್ಷಿಸುವುದು ನ್ಯಾಯವಲ್ಲ. ಹಿಮ ಬೀಳುವ ದೇಶಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ರಾತ್ರಿಯ ಶಾಖ 15 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಕುಂಡವನ್ನು ಒಳಗೆ ತರಬೇಕು. ದಕ್ಷಿಣದ ಕಿಟಕಿಯ ಬಳಿ, ಹೀಟರಿನಿಂದ ದೂರದಲ್ಲಿ, ಜಲ್ಲಿ ಮತ್ತು ನೀರು ತುಂಬಿದ ಅಗಲ ತಟ್ಟೆಯ ಮೇಲೆ ಬುಡ ನೀರಿಗೆ ಮುಟ್ಟದಂತೆ ಇಟ್ಟರೆ ಚಳಿಗಾಲ ಕಳೆಯುತ್ತದೆ. ಊರಿನಿಂದ ಮಣ್ಣುಸಹಿತ ಸಸಿಯನ್ನು ಪೆಟ್ಟಿಗೆಯಲ್ಲಿ ಒಯ್ಯುವುದಕ್ಕೆ ಬಹುತೇಕ ದೇಶಗಳ ಸಸ್ಯ ಸಂಪರ್ಕತಡೆ ಕಾನೂನುಗಳು ಅಡ್ಡ ಬರುತ್ತವೆ, ಅಡುಗೆಮನೆಯ ಡಬ್ಬಿಯ ಒಣ ಕಾಳುಮೆಣಸನ್ನು ಬಿತ್ತಿದರೆ ಮೊಳೆಯುವುದಿಲ್ಲ, ಒಣಗಿದೊಡನೆ ಅದರ ಬೀಜ ಜೀವ ಕಳೆದುಕೊಂಡಿರುತ್ತದೆ. ಅಲ್ಲಿಯ ನರ್ಸರಿಯಿಂದಲೇ ಕೊಳ್ಳುವುದು ಉಳಿದ ದಾರಿ.

ಜೂನ್, ಜುಲೈನಲ್ಲಿ ಹೂಬಿಟ್ಟ ತೆನೆ ಬಲಿಯಲು ಆರರಿಂದ ಎಂಟು ತಿಂಗಳು ಹಿಡಿಯುವುದರಿಂದ ಶಿವಮೊಗ್ಗದಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕೊಯ್ಲು ಬರುತ್ತದೆ. ತೆನೆಯಲ್ಲಿ ಒಂದೆರಡು ಕಾಳು ಕೆಂಪಗಾದಾಗ ಇಡೀ ತೆನೆಯನ್ನು ಕೊಯ್ದು, ಕಾಳು ಬಿಡಿಸಿ, ಬಟ್ಟೆಯಲ್ಲಿ ಕಟ್ಟಿ ಕುದಿನೀರಿನಲ್ಲಿ ಒಂದು ನಿಮಿಷ ಮುಳುಗಿಸಿ ಬಿಸಿಲಿಗೆ ಹರಡಬೇಕು. ಬಿಸಿನೀರು ಸಿಪ್ಪೆಯ ಜೀವಕೋಶಗಳನ್ನು ಒಡೆದಾಗ ಒಳಗಿನ ಕಿಣ್ವ ಗಾಳಿಯ ಆಮ್ಲಜನಕದೊಡನೆ ಸೇರಿ ಕಪ್ಪು ಬಣ್ಣ ತರುತ್ತದೆ, ಹೆಚ್ಚು ಹೊತ್ತು ಬೇಯಿಸಿದರೆ ಕಿಣ್ವವೇ ಸತ್ತು ಕಾಳು ಕಂದಾಗಿ ಉಳಿಯುತ್ತದೆ. ನೂರು ಗ್ರಾಂ ಹಸಿಕಾಳು ಒಣಗಿದರೆ ಮೂವತ್ತಮೂರು ಗ್ರಾಂ ಸಿಗುವ ಈ ಲೆಕ್ಕದಲ್ಲಿ, ಅರ್ಧ ಕಿಲೋ ಹಸಿಮೆಣಸು ಕೊಡುವ ಕುಂಡದಿಂದ ಕೈಗೆ ಬರುವುದು 165 ಗ್ರಾಂ. ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯ ದರದೊಡನೆ ಇದನ್ನು ಹೋಲಿಸಿ ಲಾಭನಷ್ಟ ಎಣಿಸುವವರು ಈ ಗಿಡದ ತಂಟೆಗೆ ಬರದಿರುವುದು ಲೇಸು. ಪೂರ್ತಿ ಕೆಂಪಾದ ಹಣ್ಣುಗಳನ್ನು ಒಂದು ವಾರ ದಿನವೂ ನೀರು ಬದಲಿಸುತ್ತ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು ಬೋಳುಕಾಳು ಮಾಡಿದರೆ ತೂಕ ಇನ್ನೂ ಇಳಿಯುತ್ತದೆ. ಕುಂಡದ ಸಣ್ಣ ಬೆಳೆಗೆ ಎಲ್ಲಕ್ಕಿಂತ ತಕ್ಕದ್ದು ಹಸಿಮೆಣಸಿನ ಉಪ್ಪಿನಕಾಯಿ: ತೆನೆಯನ್ನು ಬಿಡಿಸದೆ ತುಂಡು ಮಾಡಿ ಉಪ್ಪು, ನಿಂಬೆರಸದಲ್ಲಿ ಹಾಕುವ ಈ ಉಪ್ಪಿನಕಾಯಿಗೆ ಕಾಳಿನ ಒಳಗಿನ ಬೀಜ ಗಟ್ಟಿಯಾಗುವ ಮುಂಚೆಯೇ, ಉಗುರು ಒತ್ತಿದರೆ ಇಳಿಯುವ ಹದದಲ್ಲಿ, ಕೊಯ್ಯಬೇಕು.